ಸಕ್ಕರೆ ಕೊಟ್ಟ ಸಾಕ್ಷಿ

1668ರಲ್ಲಿ ಪ್ಯಾರಿಸ್ಸಿನ ವೈದ್ಯರ ಮುಂದೆ ಬ್ರೆಡ್ಡಿನ ವ್ಯಾಜ್ಯವೊಂದು ಬಂತು. ಅಲ್ಲಿನ ಬೇಕರಿಯವರು ಬಿಯರ್ ಪೀಪಾಯಿಗಳ ಬಾಯಲ್ಲಿ ಉಕ್ಕುವ ನೊರೆಯನ್ನು ತಂದು, ಹಾಲು ಉಪ್ಪು ಹಾಕಿದ ಹಿಟ್ಟಿಗೆ ಬೆರೆಸಿ, ಮೆತ್ತಗೆ ಉಬ್ಬಿದ ಸಣ್ಣ ಬ್ರೆಡ್ಡು ಸುಡುತ್ತಿದ್ದರು. ಶ್ರೀಮಂತರ ಮನೆಗಳಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆ. ಹಿಂದಿನ ದಿನದ ಹಿಟ್ಟಿನಲ್ಲಿ ಒಂದು ಮುದ್ದೆ ಉಳಿಸಿಕೊಂಡು ಅದರಿಂದ ಹೊಸ ಹಿಟ್ಟಿಗೆ ಹುಳಿ ಬರಿಸುವುದು ಅದುವರೆಗಿನ ಪದ್ಧತಿ. ಹೆಂಡದ ನೊರೆ ತಿಂದರೆ ಹೊಟ್ಟೆಯ ಗತಿಯೇನು ಎಂದು ಹಳಬರು ತಕರಾರು ತೆಗೆದರು. ವೈದ್ಯರ ಸಭೆ ಆ ನೊರೆಯ ಯೀಸ್ಟು ಹಾಕಿದ ಬ್ರೆಡ್ಡು ಆರೋಗ್ಯಕ್ಕೆ ಕೇಡು ಎಂದೇ ತೀರ್ಮಾನಿಸಿತು. ಎರಡು ವರ್ಷ ಕಳೆದು, 1670ರಲ್ಲಿ, ನಗರದ ನ್ಯಾಯಸಭೆ ಶರತ್ತು ಹಾಕಿ ಒಪ್ಪಿಗೆ ಕೊಟ್ಟಿತು: ನೊರೆ ತಾಜಾ ಆಗಿರಬೇಕು, ಪ್ಯಾರಿಸ್ಸಿನಲ್ಲೇ ಆದದ್ದಾಗಿರಬೇಕು, ಹಳೆಯ ಹುಳಿಹಿಟ್ಟಿನ ಜೊತೆಗೇ ಬಳಸಬೇಕು.

ಪರವಾಗಿ ಮಾತಾಡಿದವರಿಗೂ ವಿರೋಧವಾಗಿ ಮಾತಾಡಿದವರಿಗೂ ಆ ನೊರೆಯೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ. ಕೆಲಸವಂತೂ ಸಾವಿರಾರು ವರ್ಷಗಳಿಂದ ನಡೆದುಬಂದಿತ್ತು. ಗಾಲ್ ಮತ್ತು ಸ್ಪೇನಿನ ಜನ ಬಿಯರಿನ ನೊರೆ ಹಾಕಿ ಹಗುರಾದ ಬ್ರೆಡ್ಡು ಮಾಡುತ್ತಾರೆಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದಾನೆ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸಾನ್ನಾಂ ಹಿಟ್ಟಿಗೆ ಶೇಂದಿ ಹಾಕಿ ಹುದುಗು ಬರಿಸುತ್ತಿದ್ದುದೂ, ಗೋವೆಯ ಪಾವಿನ ಭಟ್ಟಿಗಳಲ್ಲಿ ಹಿಟ್ಟಿಗೆ ಕಳ್ಳು ಬೆರೆಸುತ್ತಿದ್ದುದೂ ಇದೇ ಕ್ರಮ. ಮಾಡುವ ಕೈಗೆ ತಿಳಿದದ್ದು ಪಂಡಿತರ ತಲೆಗೆ ಏರಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ದಾರಿಯ ಮುಖ್ಯ ತಿರುವುಗಳಲ್ಲೆಲ್ಲ ಸಾಕ್ಷಿ ಹೇಳಿದ್ದು ಸಕ್ಕರೆ. ಅದಕ್ಕೇ ಈ ಕತೆ ನನಗೆ ಅಷ್ಟು ಇಷ್ಟ.

ಯೀಸ್ಟನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಲೀವೆನ್‌ಹೋಕ್. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಡಿ 1680ರಲ್ಲಿ ಬಿಯರಿನ ಹನಿ ಇಟ್ಟು ನೋಡಿದ. ದುಂಡು ದುಂಡು ಕಣಗಳು, ಕೆಲವು ಒಂಟಿ, ಕೆಲವು ಒಂದಕ್ಕೊಂದು ಅಂಟಿದವು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಕೊಳದ ನೀರಿನಲ್ಲಿ ಓಡಾಡುವ ಜೀವಿಗಳನ್ನು ಜಗತ್ತಿಗೆ ತೋರಿಸಿದವನೂ ಇವನೇ. ಆದರೆ ಈ ಕಣಗಳು ಮಿಸುಕಲಿಲ್ಲ. ಧಾನ್ಯದ ಹಿಟ್ಟಿನಿಂದ ಬಂದ ಚೂರುಗಳಿರಬೇಕೆಂದು ಸುಮ್ಮನಾದ.

ಮುಂದಿನ ನೂರು ವರ್ಷ ವಿಷಯ ಅಲ್ಲೇ ನಿಂತಿತು. ಆಮೇಲೆ ಬಂದವನು ಪ್ಯಾರಿಸ್ಸಿನ ಲೆವೋಸಿಯೇ. ಯೀಸ್ಟು ಏನೆಂದು ಅವನು ಕೇಳಲಿಲ್ಲ, ಸಕ್ಕರೆ ಎಲ್ಲಿಗೆ ಹೋಯಿತು ಎಂದು ಕೇಳಿದ. 1789ರಲ್ಲಿ ಹೊರತಂದ ರಸಾಯನಶಾಸ್ತ್ರದ ಪುಸ್ತಕದಲ್ಲಿ 100 ಪೌಂಡ್ ಸಕ್ಕರೆ, 400 ಪೌಂಡ್ ನೀರು, 10 ಪೌಂಡ್ ಹಸಿ ಯೀಸ್ಟು ಸೇರಿದರೆ ಏನಾಗುತ್ತದೆಂದು ಕಿರಾಣಿ ಅಂಗಡಿಯ ಖಾತೆಯಷ್ಟು ಅಚ್ಚುಕಟ್ಟಾಗಿ ಜಮಾಖರ್ಚು ಬರೆದ. ಸಕ್ಕರೆ ಎರಡು ಪಾಲಾಗುತ್ತದೆ: ಒಂದು ಪಾಲು ಮದ್ಯಸಾರ, ಇನ್ನೊಂದು ಪಾಲು ಗಾಳಿಯಾಗಿ ಹಾರಿಹೋಗುವ, ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲ. ಯಾವ ಪದಾರ್ಥವೂ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಇಲ್ಲವಾಗುವುದೂ ಇಲ್ಲ ಎಂದು ಶಾಲೆಯ ಮಕ್ಕಳೆಲ್ಲ ಓದುವ ನಿಯಮವನ್ನು ಅವನು ಬರೆದದ್ದು ಈ ಹುದುಗಿನ ಅಧ್ಯಾಯದಲ್ಲೇ. ಯೀಸ್ಟನ್ನೂ ತೂಗಿದ, ಅದರಲ್ಲಿ ಯಾವ ಯಾವ ಧಾತುಗಳಿವೆ ಎಂದೂ ಬರೆದ. ಆದರೆ ಕೆಲಸ ಶುರು ಮಾಡಿಸುವ ಸರಕು ಎಂಬುದಕ್ಕಿಂತ ಹೆಚ್ಚಿನ ಸ್ಥಾನ ಅದಕ್ಕೆ ಅವನ ಲೆಕ್ಕದಲ್ಲಿ ಇರಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಫ್ರಾನ್ಸಿನ ಕ್ರಾಂತಿ ಅವನ ತಲೆ ತೆಗೆಯಿತು.

ಹುದುಗು ಬರಿಸುವ ವಸ್ತುವಿಗೂ ಹುದುಗುವ ವಸ್ತುವಿಗೂ ಏನು ವ್ಯತ್ಯಾಸ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಒಂದು ಕಿಲೋ ಚಿನ್ನದ ಬಹುಮಾನವೆಂದು ಫ್ರಾನ್ಸಿನ ವಿದ್ವತ್ ಸಂಸ್ಥೆ 1800ರ ಸುಮಾರಿಗೆ ಸಾರಿತು. ಅದನ್ನು ಯಾರೂ ಗೆಲ್ಲಲಿಲ್ಲ.

1837ರ ಹೊತ್ತಿಗೆ ಮೂರು ಜನ, ಪರಸ್ಪರ ಕೂಡಿ ಮಾತಾಡಿಕೊಳ್ಳದೆ, ಒಂದೇ ಮಾತು ಹೇಳಿದರು. ಪ್ಯಾರಿಸ್ಸಿನಲ್ಲಿ ಕಾನ್ಯಾರ್ ದ ಲಾ ತೂರ್, ಜರ್ಮನಿಯಲ್ಲಿ ಫ್ರೀಡ್ರಿಕ್ ಕ್ಯುಟ್ಸಿಂಗ್ ಮತ್ತು ಥಿಯೋಡೋರ್ ಷ್ವಾನ್. ಅಷ್ಟರಲ್ಲಿ ಸೂಕ್ಷ್ಮದರ್ಶಕ ಸುಧಾರಿಸಿತ್ತು. ಲೀವೆನ್‌ಹೋಕ್ ಕಂಡ ದುಂಡುಕಣದ ಪಕ್ಕದಲ್ಲಿ ಸಣ್ಣದೊಂದು ಗುಬುಟು ಏಳುವುದು, ಅದು ದಪ್ಪವಾಗುವುದು, ಪಾಪಸುಕಳ್ಳಿಯ ಹಲಗೆಯ ತುದಿಗೆ ಮರಿಹಲಗೆ ಚಿಗುರಿದ ಹಾಗೆ ತಾಯಿಕಣಕ್ಕೆ ಅಂಟಿಕೊಂಡೇ ಬೆಳೆದು ಕೊನೆಗೆ ಬೇರೆಯಾಗುವುದು ಕಣ್ಣಿಗೆ ಬಿತ್ತು. ಬೆಳೆಯುತ್ತದೆ, ಮರಿ ಹಾಕುತ್ತದೆ. ಹಾಗಿದ್ದರೆ ಅದು ಜೀವ.

ಈ ಮೂವರಲ್ಲಿ ಷ್ವಾನ್ ಮಾಡಿದ ಪ್ರಯೋಗದ ಮುಂದೆ ಸ್ವಲ್ಪ ನಿಲ್ಲಬೇಕು. ಬರ್ಲಿನ್ನಿನಲ್ಲಿದ್ದ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಸಕ್ಕರೆ ನೀರಿಗೆ ಯೀಸ್ಟು ಹಾಕಿ ಸೀಸೆಗಳಲ್ಲಿ ಕುದಿಸಿದ. ಆರಿದ ಮೇಲೆ ಕೆಲವಕ್ಕೆ ಹೊರಗಿನ ಗಾಳಿಯನ್ನು ಹಾಗೇ ಬಿಟ್ಟ, ಕೆಲವಕ್ಕೆ ಕಾಯಿಸಿದ ಕೊಳವೆಯ ಮೂಲಕ ಹಾಯಿಸಿದ ಗಾಳಿಯನ್ನು ಬಿಟ್ಟ. ಮೊದಲಿನವು ಹುದುಗಿದವು, ಎರಡನೆಯವು ಹಾಗೇ ಉಳಿದವು. ಹುದುಗಿಗೆ ಗಾಳಿ ಸಾಲದು, ಗಾಳಿಯಲ್ಲಿ ಬರುವ, ಬಿಸಿಗೆ ಸಾಯುವ ಏನೋ ಬೇಕು. ಅದು ಪ್ರಾಣಿಯೋ ಸಸ್ಯವೋ? ವಿಷ ಹಾಕಿ ನೋಡಿದ. ಕಾಸರಕದ ರಸ ನೀರಿನ ಪುಟ್ಟ ಪ್ರಾಣಿಗಳನ್ನು ಕೊಲ್ಲುತ್ತದೆ, ಬೂಷ್ಟನ್ನು ಕೊಲ್ಲುವುದಿಲ್ಲ. ಪಾಷಾಣ ಎರಡನ್ನೂ ಮುಗಿಸುತ್ತದೆ. ಯೀಸ್ಟು ಕಾಸರಕಕ್ಕೆ ಬಗ್ಗಲಿಲ್ಲ, ಪಾಷಾಣಕ್ಕೆ ಸತ್ತಿತು. ಅಂದರೆ ಇದು ಬೂಷ್ಟಿನ ಬಳಗದ್ದು, ಸಕ್ಕರೆ ತಿಂದು ಬದುಕುವ ಶಿಲೀಂಧ್ರ. ಇಂದಿಗೂ ಪ್ಯಾಕೆಟ್ಟಿನ ಮೇಲೆ ಇರುವ ಸ್ಯಾಕರೋಮೈಸಿಸ್ ಎಂಬ ಹೆಸರು ಅಲ್ಲಿಂದ ಬಂದದ್ದು. ಇಷ್ಟು ಸರಳ ಸಾಮಗ್ರಿಯಲ್ಲಿ ಇಷ್ಟು ಗಟ್ಟಿಯಾದ ತರ್ಕ ಕಟ್ಟಿದವರು ಆ ಕಾಲದಲ್ಲಿ ಬಹಳ ಜನ ಇರಲಿಲ್ಲ. ಯೀಸ್ಟಿನ ಕತೆ ಹೇಳುವಾಗ ಎಲ್ಲರೂ ಪಾಶ್ಚರನ ಹೆಸರು ಎತ್ತುತ್ತಾರೆ. ಮೊದಲ ಗೌರವ ಷ್ವಾನನಿಗೆ ಸಲ್ಲಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಸಿಕ್ಕಿದ್ದು ಅವಮಾನ. ಯೂರೋಪಿನ ರಸಾಯನಶಾಸ್ತ್ರ ಆಗ ಯೂಸ್ಟಸ್ ಲೀಬಿಗ್ ಮತ್ತು ಫ್ರೀಡ್ರಿಕ್ ವೋಲರ್ ಅಂಥವರ ಹಿಡಿತದಲ್ಲಿತ್ತು. ವೋಲರ್ 1828ರಲ್ಲಿ ಪ್ರಯೋಗಾಲಯದಲ್ಲೇ ಯೂರಿಯಾ ತಯಾರಿಸಿ, ದೇಹದೊಳಗೆ ಆಗುವ ಪದಾರ್ಥಕ್ಕೆ ಜೀವದ ಹಂಗಿಲ್ಲವೆಂದು ತೋರಿಸಿದ್ದ. ಹುದುಗಿಗೆ ಮತ್ತೆ ಜೀವವನ್ನು ತಂದು ಕೂರಿಸುವುದು ಇವರಿಗೆ ಹಿಂದಕ್ಕೆ ಹೋದ ಹಾಗೆ ಕಂಡಿತು. 1839ರಲ್ಲಿ ಲೀಬಿಗ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಲೇಖನ ಬಂತು. ಯೀಸ್ಟು ಎಂದರೆ ಮೊಟ್ಟೆಗಳಂತೆ. ಸಕ್ಕರೆ ನೀರಿನಲ್ಲಿ ಒಡೆದು ಪುಟ್ಟ ಪ್ರಾಣಿಗಳಾಗುತ್ತವಂತೆ. ಅವಕ್ಕೆ ಬಟ್ಟಿ ಇಳಿಸುವ ಪಾತ್ರೆಯ ಆಕಾರವಂತೆ. ಹಲ್ಲಿಲ್ಲ, ಕಣ್ಣಿಲ್ಲ, ಹೊಟ್ಟೆ ಮಾತ್ರ ಇದೆಯಂತೆ. ಸಕ್ಕರೆ ನುಂಗಿ ಹಿಂದಿನಿಂದ ಮದ್ಯಸಾರ ಬಿಡುತ್ತವಂತೆ, ಮೂತ್ರದ ದಾರಿಯಲ್ಲಿ ಅನಿಲ ಹೊರಡುತ್ತದಂತೆ. ತುಂಬಿದಾಗ ಅವುಗಳ ಮೂತ್ರಕೋಶ ಷಾಂಪೇನ್ ಬಾಟಲಿಯ ಹಾಗೆ ಕಾಣುತ್ತದಂತೆ. ಬರೆದವರು ಇದೇ ಇಬ್ಬರು ದಿಗ್ಗಜರು. ಪ್ರಯೋಗಕ್ಕೆ ಪ್ರತಿಪ್ರಯೋಗ ಮಾಡಬೇಕಾಗಿದ್ದ ಜಾಗದಲ್ಲಿ ಕುಚೋದ್ಯ ಮಾಡಿದರು. ಷ್ವಾನ್ ಅದೇ ವರ್ಷ ಜರ್ಮನಿ ಬಿಟ್ಟು ಬೆಲ್ಜಿಯಮ್ಮಿನ ಲೂವೆನ್ನಿಗೆ ಹೋದ. ದೊಡ್ಡವರು ನಕ್ಕ ವಿಷಯವನ್ನು ಮುಟ್ಟಲು ಚಿಕ್ಕವರು ಹಿಂಜರಿದರು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಲೀಬಿಗ್‌ನ ಸ್ವಂತ ವಾದ ಇದು: ಯೀಸ್ಟು ಕೊಳೆಯುವ ವಸ್ತು, ಅದು ಕೊಳೆಯುವಾಗ ಅದರ ಕಣಗಳಲ್ಲಿ ಏಳುವ ಕದಲಿಕೆ ಸಕ್ಕರೆಗೂ ತಗುಲಿ ಸಕ್ಕರೆ ಒಡೆಯುತ್ತದೆ. ಅವನ ಶಿಷ್ಯ ಎಬೆನ್ ಹಾರ್ಸ್‌ಫರ್ಡ್ ಅಮೆರಿಕದಲ್ಲಿ ಯೀಸ್ಟಿಲ್ಲದೆ ಹಿಟ್ಟು ಉಬ್ಬಿಸುವ ಬೇಕಿಂಗ್ ಪೌಡರ್ ಮಾಡಿದ. ಅದನ್ನು ಜರ್ಮನಿಯಲ್ಲಿ ಲೀಬಿಗ್ ಹೊಗಳಿ ಬೆಳೆಸಿದ. ಇವತ್ತು ಕೇಕಿಗೆ ಒಂದು ಡಬ್ಬಿ, ಬ್ರೆಡ್ಡಿಗೆ ಇನ್ನೊಂದು ಪೊಟ್ಟಣ ಎಂದು ಅಡುಗೆಮನೆಯ ಒಂದೇ ಕಪಾಟಿನಲ್ಲಿ ಆ ಎರಡು ಪಕ್ಷಗಳು ಜೊತೆಗೆ ಕುಳಿತಿವೆ.

ಲೂಯಿ ಪಾಶ್ಚರ್ ಈ ಜಗಳಕ್ಕೆ ಇಳಿದದ್ದು ಬೀಟ್‌ರೂಟಿನ ದಾರಿಯಲ್ಲಿ. 1854ರಲ್ಲಿ ಉತ್ತರ ಫ್ರಾನ್ಸಿನ ಲೀಲ್ ಊರಿಗೆ ಪ್ರಾಧ್ಯಾಪಕನಾಗಿ ಬಂದ. ಬೀಟ್‌ರೂಟಿನ ರಸದಿಂದ ಮದ್ಯಸಾರ ಮಾಡುವ ಬಿಗೋ ಎಂಬಾತನ ಮಗ ಅವನ ವಿದ್ಯಾರ್ಥಿ. 1856ರಲ್ಲಿ ಬಿಗೋ ಬಂದು, ತೊಟ್ಟಿಗಳಲ್ಲಿ ಮದ್ಯಸಾರ ಬರುವ ಬದಲು ಹುಳಿ ಬರುತ್ತಿದೆ, ಏನಾದರೂ ಮಾಡಿ ಎಂದ. ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದು ತೊಟ್ಟಿಯ ಬಳಿ ಹೋದ. ಸರಿಯಾಗಿ ಹುದುಗಿದ ರಸದಲ್ಲಿ ದುಂಡು ಯೀಸ್ಟು. ಕೆಟ್ಟ ರಸದಲ್ಲಿ ಬೇರೆಯೇ ಆಕಾರದ, ಅದಕ್ಕಿಂತ ತೀರ ಸಣ್ಣ ಜೀವಿಗಳು. ಬೇರೆ ಜೀವಿ, ಬೇರೆ ಹುದುಗು: 1857ರಲ್ಲಿ ಅವನು ಮಂಡಿಸಿದ ಪ್ರಬಂಧದ ಸಾರ ಇದು.

ಲೀಬಿಗ್‌ನ ವಾದವನ್ನು ಮುರಿದದ್ದು ಮಾತ್ರ ಇನ್ನೊಂದು ಪ್ರಯೋಗ. ಶುದ್ಧ ಕಲ್ಲುಸಕ್ಕರೆಯ ನೀರು ತೆಗೆದುಕೊಂಡ. ಅದಕ್ಕೆ ಒಂದಿಷ್ಟು ಅಮೋನಿಯದ ಲವಣ, ಸುಟ್ಟ ಯೀಸ್ಟಿನ ಬೂದಿ ಬೆರೆಸಿದ. ಕೊಳೆಯುವಂಥ ಪ್ರೋಟೀನು ಅದರಲ್ಲಿ ಇಲ್ಲವೇ ಇಲ್ಲ. ಗುಂಡುಪಿನ್ನಿನ ತಲೆಯಷ್ಟು ಜೀವಂತ ಯೀಸ್ಟು ಬಿಟ್ಟ. ಸಕ್ಕರೆ ಹುದುಗಿತು, ಮದ್ಯಸಾರ ಬಂತು, ಯೀಸ್ಟು ಕೊಳೆಯುವ ಬದಲು ಬೆಳೆಯಿತು. ಲೆವೋಸಿಯೇಯ ಜಮಾಖರ್ಚಿನಲ್ಲೂ ಒಂದು ಬಾಬ್ತು ಬಿಟ್ಟುಹೋಗಿದೆ ಎಂದು ತೋರಿಸಿದ: ಸಕ್ಕರೆಯ ಚೂರು ಪಾಲು ಗ್ಲಿಸರಿನ್ ಮತ್ತು ಸಕ್ಸಿನಿಕ್ ಆಮ್ಲವಾಗಿ ತಿರುಗುತ್ತದೆ, ಇನ್ನಷ್ಟು ಯೀಸ್ಟಿನ ಮೈಗೆ ಸೇರುತ್ತದೆ. 1860ರಲ್ಲಿ ಇದೆಲ್ಲ ದೊಡ್ಡ ಗ್ರಂಥವಾಗಿ ಬಂತು. ಮರುವರ್ಷ ಇನ್ನೊಂದು ಸಂಗತಿ ಕಂಡ. ಗಾಳಿ ಧಾರಾಳವಾಗಿ ಸಿಕ್ಕರೆ ಯೀಸ್ಟು ಸ್ವಲ್ಪ ಸಕ್ಕರೆಯಲ್ಲೇ ಚೆನ್ನಾಗಿ ಬೆಳೆಯುತ್ತದೆ. ಗಾಳಿ ಇಲ್ಲದಿದ್ದರೆ ಅಷ್ಟೇ ಬೆಳವಣಿಗೆಗೆ ರಾಶಿ ಸಕ್ಕರೆ ಖರ್ಚು ಮಾಡುತ್ತದೆ.

ಜೀವವಿಲ್ಲದೆ ಹುದುಗಿಲ್ಲ ಎಂಬುದು ಪಾಶ್ಚರನ ನಿಲುವು. ಷ್ವಾನನ ಪಕ್ಷ ಗೆದ್ದಿತು ಎಂದು ಲೋಕ ಒಪ್ಪಿತು. ಆದರೆ ಲೀಬಿಗ್ ಪೂರಾ ತಪ್ಪಾಗಿರಲಿಲ್ಲ. ಅದನ್ನು ಕಂಡುಹಿಡಿಯಲು ಲೀಬಿಗ್ ಬದುಕಿರಲಿಲ್ಲ, ಒಪ್ಪಿಕೊಳ್ಳಲು ಪಾಶ್ಚರನೂ ಬದುಕಿರಲಿಲ್ಲ.

1890ರ ದಶಕದಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟಿನ ಕಣವನ್ನು ಒಡೆದು ಒಳಗಿನ ರಸ ತೆಗೆಯಲು ಹೊರಟ. ಇದರಿಂದ ಏನೂ ಸಿಗದು ಎಂದು ಪ್ರಯೋಗಾಲಯದ ಮೇಲಿನವರು 1893ರಲ್ಲಿ ಆ ಕೆಲಸ ನಿಲ್ಲಿಸಿದರು. ಮೂರು ವರ್ಷ ಬಿಟ್ಟು, 1896ರ ರಜೆಯಲ್ಲಿ, ಅವನು ಮ್ಯೂನಿಕ್ಕಿಗೆ ಬಂದ. ಅಲ್ಲಿ ಅಣ್ಣ ಹಾನ್ಸ್ ಬುಕ್ನರ್ ಆರೋಗ್ಯಶಾಸ್ತ್ರ ಸಂಸ್ಥೆಯಲ್ಲಿದ್ದ. ರೋಗಾಣುಗಳೊಳಗಿನ ಪ್ರೋಟೀನುಗಳಿಂದ ಔಷಧಿ ಆದೀತೇ ಎಂಬ ಹುಡುಕಾಟ ಅವನದು. ಅದಕ್ಕೆ ಕಣ ಒಡೆಯುವ ಉಪಾಯ ಬೇಕಿತ್ತು. ಅಣ್ಣನ ಸಹಾಯಕ ಮಾರ್ಟಿನ್ ಹಾನ್ ಉಪಾಯ ಹುಡುಕಿದ. ಒಂದು ಕಿಲೋ ಯೀಸ್ಟಿಗೆ ಒಂದು ಕಿಲೋ ಬೆಣಚುಕಲ್ಲಿನ ಮರಳು, ಕಾಲು ಕಿಲೋ ಕೀಸೆಲ್‌ಗುರ್ ಎಂಬ ಬಿಳಿ ಮಣ್ಣು. ಮೂರನ್ನೂ ಕಲ್ವದಲ್ಲಿ ಹಾಕಿ ಅರೆಯುವುದು. ಒಣ ಪುಡಿಯಾಗಿದ್ದದ್ದು ಅರೆಯುತ್ತ ಅರೆಯುತ್ತ ಕಣಕ ಆಗುತ್ತದೆ, ಕಣ ಒಡೆದು ನೀರು ಬಿಟ್ಟಿದೆ ಎಂದು ಅರ್ಥ. ಬಟ್ಟೆಯಲ್ಲಿ ಗಂಟು ಕಟ್ಟಿ 400ರಿಂದ 500 ವಾಯುಭಾರದ ಒತ್ತಡದಲ್ಲಿ ಹಿಂಡಿದರೆ ಅರ್ಧ ಲೀಟರಿನಷ್ಟು ರಸ.

ರಸ ಬೇಗ ಕೆಡುತ್ತಿತ್ತು. ಪ್ರಾಣಿಗಳ ಮೇಲೆ ಪ್ರಯೋಗಿಸಬೇಕಾದ್ದರಿಂದ ಕಟುವಾದ ಔಷಧಿ ಹಾಕಿ ಕಾಪಾಡುವ ಹಾಗಿರಲಿಲ್ಲ. ಮೊರಬ್ಬ, ಜಾಮು ಕೆಡದಂತೆ ಇಡುವುದು ಸಕ್ಕರೆ ತಾನೇ? ದಪ್ಪ ಸಕ್ಕರೆ ಪಾಕ ಬೆರೆಸಿದರು. ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅದರಲ್ಲಿ ಗುಳ್ಳೆ ಏಳತೊಡಗಿತು, ಏಳುತ್ತಲೇ ಹೋಯಿತು. ಕಾಪಾಡಲೆಂದು ಹಾಕಿದ ಸಕ್ಕರೆಯನ್ನು ಆ ರಸ ಒಡೆಯುತ್ತಿತ್ತು, ಅದರಲ್ಲಿ ಜೀವಂತ ಯೀಸ್ಟು ಇಲ್ಲದಿದ್ದರೂ.

ಬೇರೆ ಯಾರಾದರೂ ಆಗಿದ್ದರೆ ಮಿಶ್ರಣ ಕೆಟ್ಟಿತೆಂದು ಚೆಲ್ಲುತ್ತಿದ್ದರೇನೋ. ಎಡ್ವರ್ಡ್ ಬುಕ್ನರ್ ಗುಳ್ಳೆಯ ಅರ್ಥ ಹಿಡಿದ. ಕಣ ಉಳಿದಿರಬಹುದೆಂಬ ಅನುಮಾನ ಕಳೆಯಲು ನುಣ್ಣನೆಯ ಸೋಸುಗದಲ್ಲಿ ಸೋಸಿದ. ಜೀವಿಗಳನ್ನು ಸುಮ್ಮನಾಗಿಸುವ ಕ್ಲೋರೋಫಾರ್ಮ್ ಬೆರೆಸಿದ. ಆದರೂ ಗುಳ್ಳೆ ಬಂತು. 1897ರ ಜನವರಿಯಲ್ಲಿ, ಯೀಸ್ಟಿನ ಕಣವಿಲ್ಲದೆ ಹುದುಗು ಬರುತ್ತದೆ ಎಂಬ ತಲೆಬರಹದ ಪುಟ್ಟ ಲೇಖನ ಕಳಿಸಿದ. ಕೆಲಸ ಮಾಡುವ ಪದಾರ್ಥಕ್ಕೆ ಜೈಮೇಸ್ ಎಂದು ಹೆಸರಿಟ್ಟ. ರಷ್ಯದ ಮರೀಯಾ ಮನಾಸೀನಾ ಎಂಬ ವಿಜ್ಞಾನಿ ವಿಯೆನ್ನಾದಲ್ಲಿ ಕೆಲಸ ಮಾಡಿ 1870ರ ದಶಕದ ಆರಂಭದಲ್ಲೇ ಇಂಥ ಮಾತು ಹೇಳಿದ್ದಳು. ಆಕೆಯ ಪುರಾವೆ ಸಾಲದೆಂದು ಯಾರೂ ಕಿವಿಗೊಟ್ಟಿರಲಿಲ್ಲ, ಬುಕ್ನರನೂ ಒಪ್ಪಲಿಲ್ಲ. 1907ರ ನೊಬೆಲ್ ಪ್ರಶಸ್ತಿ ಬುಕ್ನರನಿಗೆ ಬಂತು. ಹತ್ತು ವರ್ಷದ ಮೇಲೆ ಮೊದಲ ಮಹಾಯುದ್ಧದಲ್ಲಿ ರೊಮೇನಿಯಾದ ಫೋಕ್ಷಾನಿಯಲ್ಲಿ ಗಾಯಗೊಂಡು ತೀರಿಕೊಂಡ.

ಜೈಮೇಸ್ ಒಂದೇ ಪದಾರ್ಥವಲ್ಲ, ಒಂದು ಸಾಲು ಕಿಣ್ವಗಳು ಎಂಬುದು ಮುಂದಿನವರ ಕೆಲಸದಿಂದ ಗೊತ್ತಾಯಿತು. ಲಂಡನ್ನಿನ ಆರ್ಥರ್ ಹಾರ್ಡನ್ ಆ ಹಾದಿಯಲ್ಲಿ ನಡೆದು 1929ರ ನೊಬೆಲ್ಲಿನಲ್ಲಿ ಪಾಲು ಪಡೆದ. ಗ್ಲೂಕೋಸಿನ ಒಂದು ಅಣು ಹನ್ನೆರಡು ಕಿಣ್ವಗಳ ಕೈ ದಾಟಿ ಎರಡು ಅಣು ಮದ್ಯಸಾರ, ಎರಡು ಅಣು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕಿಣ್ವಗಳೆಂಬ ಯಂತ್ರಗಳನ್ನು ಕಟ್ಟುವುದು ಜೀವ, ನಡೆಸುವುದು ರಸಾಯನ. ಎರಡೂ ಪಕ್ಷದವರು ಅರ್ಧರ್ಧ ಸತ್ಯ ಹಿಡಿದುಕೊಂಡು ಅರವತ್ತು ವರ್ಷ ಕಾದಾಡಿದ್ದರು.

ಇಷ್ಟು ತಿಳಿದ ಮೇಲೆ ಮನೆಯಲ್ಲಿ ಬ್ರೆಡ್ಡಿನ ಹಿಟ್ಟು ಕಲಸುವುದರ ರುಚಿಯೇ ಬೇರೆ. ಅರ್ಧ ಕಿಲೋ ಮೈದಾಕ್ಕೆ ಏಳು ಗ್ರಾಂ ಒಣ ಯೀಸ್ಟು, ಒಂದೆರಡು ಚಮಚ ಸಕ್ಕರೆ, ಒಂದೂವರೆ ಚಮಚ ಉಪ್ಪು, 300 ಮಿಲಿಲೀಟರಿನಷ್ಟು ನೀರು. ನೀರು ಉಗುರುಬೆಚ್ಚಗೆ, 38 ಡಿಗ್ರಿಯ ಆಸುಪಾಸು ಇದ್ದರೆ ಯೀಸ್ಟಿಗೆ ಹಿತ. 60ರ ಹತ್ತಿರ ಹೋದರೆ ಅದು ಸತ್ತೇ ಹೋಗುತ್ತದೆ. ನಾವು ಹಾಕುವ ಸಕ್ಕರೆಯನ್ನು ಯೀಸ್ಟು ಹಾಗೇ ನುಂಗುವುದಿಲ್ಲ. ಅದರ ಗೋಡೆಯಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಮೊದಲು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಸೀಳುತ್ತದೆ. ಹಿಟ್ಟಿನೊಳಗಿನ ಆಮ್ಲಜನಕ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಪಾಶ್ಚರ್ ಕಂಡ ಗಾಳಿಯಿಲ್ಲದ ಬದುಕು.

ಸಕ್ಕರೆ ಹಾಕದಿದ್ದರೆ? ಆಗಲೂ ಹಿಟ್ಟು ಉಬ್ಬುತ್ತದೆ. ಗೋಧಿಯಲ್ಲೇ ಸ್ವಲ್ಪ ಸಕ್ಕರೆ ಇದೆ. ನೀರು ಬಿದ್ದ ಕೂಡಲೇ ಹಿಟ್ಟಿನದೇ ಅಮೈಲೇಸ್ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಕಡಿಯತೊಡಗುತ್ತದೆ. ಚಮಚ ಸಕ್ಕರೆಯಿಂದ ಆಗುವುದು ಬೇಗ ಚಾಲನೆ, ಸ್ವಲ್ಪ ಸಿಹಿ, ಮೇಲ್ಪದರಕ್ಕೆ ಒಳ್ಳೆಯ ಕಂದುಬಣ್ಣ. ಹೆಚ್ಚು ಹಾಕಿದರೆ ಹೆಚ್ಚು ಉಬ್ಬುತ್ತದೆಂದು ಸುರಿಯುವುದು ಬೇಡ. ಹಿಟ್ಟಿನ ತೂಕದ ಹತ್ತನೇ ಒಂದು ಪಾಲಿಗಿಂತ ಮೇಲೆ ಹೋದರೆ ಸಕ್ಕರೆ ನೀರನ್ನೆಲ್ಲ ತನ್ನತ್ತ ಎಳೆದುಕೊಂಡು ಯೀಸ್ಟನ್ನು ಬಾಡಿಸುತ್ತದೆ. ಮೊರಬ್ಬ ಕೆಡದಿರುವುದೂ ಇದರಿಂದಲೇ. ಬುಕ್ನರನ ಪಾಕದಲ್ಲಿ ಬಾಡಲು ಕಣಗಳೇ ಇರಲಿಲ್ಲ, ಅದಕ್ಕೇ ಅಷ್ಟು ದಪ್ಪ ಪಾಕದಲ್ಲೂ ಗುಳ್ಳೆ ಬಂತು.

ನಾದುವ ಕೆಲಸಕ್ಕೂ ಇಲ್ಲಿ ಪಾಲಿದೆ. ಯೀಸ್ಟು ಬಿಡುವ ಅನಿಲ ಹಿಟ್ಟಿನಲ್ಲಿ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ನಾದುವಾಗ ಸೇರಿಕೊಂಡ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳೊಳಗೆ ಹೋಗಿ ಅವನ್ನು ಹಿಗ್ಗಿಸುತ್ತದೆ. ಉಬ್ಬಿದ ಹಿಟ್ಟನ್ನು ಒಮ್ಮೆ ಗುದ್ದಿ ಮಡಚಿದರೆ ದೊಡ್ಡ ಗುಳ್ಳೆ ಒಡೆದು ಹಲವು ಸಣ್ಣವಾಗುತ್ತವೆ, ಬ್ರೆಡ್ಡಿನ ಒಳಮೈ ನವಿರಾಗುತ್ತದೆ. ಹುದುಗಿನಲ್ಲಿ ಹುಟ್ಟಿದ ಮದ್ಯಸಾರದ ಬಹುಪಾಲು ಒಲೆಯಲ್ಲಿ ಆವಿಯಾಗಿ ಹೋಗುತ್ತದೆ.

ಆ ಏಳು ಗ್ರಾಂ ಯೀಸ್ಟು ಎಲ್ಲಿಂದ ಬರುತ್ತದೆ ಎಂಬುದರಲ್ಲೂ ಪಾಶ್ಚರನ ಪಾಠವಿದೆ. ಕಾರ್ಖಾನೆಯಲ್ಲಿ ಯೀಸ್ಟಿನ ಊಟ ಕಾಕಂಬಿ, ಸಕ್ಕರೆ ಕಾರ್ಖಾನೆಯಲ್ಲಿ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ದೊಡ್ಡ ತೊಟ್ಟಿಯಲ್ಲಿ ಅಡಿಯಿಂದ ಗಾಳಿ ಊದುತ್ತಲೇ ಇರುತ್ತಾರೆ, ಏಕೆಂದರೆ ಅಲ್ಲಿ ಬೇಕಾದದ್ದು ಮದ್ಯಸಾರವಲ್ಲ, ಯೀಸ್ಟಿನ ಬೆಳೆ. ಕಾಕಂಬಿಯನ್ನು ಒಮ್ಮೆಗೇ ಸುರಿಯುವುದಿಲ್ಲ. ಸಕ್ಕರೆ ಅತಿಯಾದರೆ ಎಷ್ಟು ಗಾಳಿ ಇದ್ದರೂ ಯೀಸ್ಟು ಮದ್ಯಸಾರ ಮಾಡಲು ಶುರುಮಾಡುತ್ತದೆ. ಆದ್ದರಿಂದ ಅದು ತಿಂದಷ್ಟನ್ನೇ ನೋಡಿಕೊಂಡು ಹೊತ್ತುಹೊತ್ತಿಗೆ ಹನಿಸುತ್ತಾರೆ. ಬೆಳೆದದ್ದನ್ನು ತೊಳೆದು, ಹಿಂಡಿ, ಹಸಿ ಇಟ್ಟಿಗೆಯಾಗಿ ಮಾರುವುದೂ ಉಂಟು, ಒಣಗಿಸಿ ಕಾಳಾಗಿಸುವುದೂ ಉಂಟು. ಸಿಹಿ ಬನ್ನು ಮಾಡುವ ಬೇಕರಿಗಳಿಗೆಂದೇ ಹೆಚ್ಚು ಸಕ್ಕರೆ ತಾಳಿಕೊಳ್ಳುವ ತಳಿಯ ಯೀಸ್ಟು ಬೇರೆಯಾಗಿ ಸಿಗುತ್ತದೆ. ಅದು ಸಿಗದ ಊರಿನಲ್ಲಿ ಸಾಧಾರಣ ಯೀಸ್ಟನ್ನೇ ಒಂದಷ್ಟು ಹೆಚ್ಚು ಹಾಕಿ, ಹಿಟ್ಟಿಗೆ ಉಬ್ಬಲು ಇನ್ನಷ್ಟು ಹೊತ್ತು ಕೊಟ್ಟರೆ ಸಾಕು.